ಒತ್ತಕ್ಷರ ಬರುವವರೆಗೆ

(ಗ್ರಂಥಾಲಯ ಸಪ್ತಾಹದ ಅಂಗವಾಗಿ ಕೊಪ್ಪಳದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಉಳಿದದ್ದು ಆಡಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಪರೀಕ್ಷೆಯ ಗೈಡ್‌ಗಳನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿರುವ ಯುವಕರಿಗೆ ಇನ್ನೊಂದು ನಮಸ್ಕಾರ. ನಿಮ್ಮ ಓದುವ ಕೋಣೆಯನ್ನು ಈ ಸಭೆಗಾಗಿ ಒಂದೂವರೆ ತಾಸು ಕಸಿದುಕೊಂಡಿದ್ದೇವೆ. ಎದ್ದು ಹೋಗಬೇಡಿ, ನಿಮಗೂ ಒಂದು ಕೆಲಸ ಹೇಳುವುದಿದೆ.

ಒಂದು ಬಸ್ಸಿನ ವಿಷಯದಿಂದ ಶುರು ಮಾಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತಲ್ಲ, ಅದರ ಮರು ತಿಂಗಳುಗಳಲ್ಲಿ ನಡೆದದ್ದು. ನಮ್ಮ ಪಕ್ಕದ ಹಳ್ಳಿಯ ಒಬ್ಬ ಹೆಣ್ಣುಮಗಳು, ವಯಸ್ಸು ಐವತ್ತರ ಆಚೀಚೆ, ಮಗಳ ಊರಿಗೆಂದು ಒಬ್ಬರೇ ಹೊರಟರು. ಹೋಗಬೇಕಾದದ್ದು ಕುಷ್ಟಗಿಗೆ. ಇಲ್ಲಿನ ನಿಲ್ದಾಣದಲ್ಲಿ ಬಸ್ಸಿನ ಬೋರ್ಡ್ ನೋಡಿದರು. ಮೊದಲ ಅಕ್ಷರ 'ಕು'. ಅದು ಅವರಿಗೆ ಬರುತ್ತಿತ್ತು. ಯಾರನ್ನೂ ಕೇಳದೆ, ಬೀಗುತ್ತಲೇ ಹತ್ತಿ ಕುಳಿತರು. ಕಂಡಕ್ಟರ್ ಜನರ ನಡುವೆ ನುಸುಳಿಕೊಂಡು ಅವರ ಬಳಿ ಬರುವ ಹೊತ್ತಿಗೆ ಬಸ್ಸು ಊರು ದಾಟಿತ್ತು. ಅದು ಕುಕನೂರು ಬಸ್ಸು.

ಇದನ್ನು ಅವರೇ ನಗುತ್ತಾ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: "ಮಾಸ್ತರರೇ, ಒಂದಕ್ಷರ ಕಲಿತವಳಿಗಿಂತ ಏನೂ ಕಲಿಯದವಳೇ ವಾಸಿ. ಆಕೆ ಕೇಳಿಕೊಂಡು ಹತ್ತುತ್ತಾಳೆ."

ನನಗೆ ನಗು ಬರಲಿಲ್ಲ. ಆ 'ಕು' ಅವರಿಗೆ ಕಲಿಸಿದವನು ನಾನು.

ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲವದು. ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವೆಲ್ಲ ರಾಯಚೂರು ಜಿಲ್ಲೆಯವರೇ. ನಾನು ಆ ಹಳ್ಳಿಯ ಸ್ವಯಂಸೇವಕ. ಕಂದೀಲಿನ ಬೆಳಕು, ಗುಡಿಯ ಕಟ್ಟೆ, ಅಕ್ಷರ ಕಲಿಸುವ ಮೂರು ಭಾಗಗಳ ಪುಸ್ತಕ, ಅಂದರೆ ಪ್ರೈಮರ್. ಹದಿನೆಂಟು ಹೆಂಗಸರು ಬರುತ್ತಿದ್ದರು. ಅಕ್ಷರ ಆಯಿತು, ಕಾಗುಣಿತವೂ ಒಂದು ಹಂತಕ್ಕೆ ಬಂತು. ಅಷ್ಟರಲ್ಲಿ ಸುಗ್ಗಿ ಮುಗಿದು ಅರ್ಧ ಊರು ಗುಳೆ ಹೋಯಿತು. ತರಗತಿ ಒತ್ತಕ್ಷರದವರೆಗೆ ತಲುಪಲೇ ಇಲ್ಲ.

ಕನ್ನಡದಲ್ಲಿ ಒತ್ತಕ್ಷರ ಬಾರದಿದ್ದರೆ ಏನು ಬಂದಂತಾಯಿತು, ನೀವೇ ಲೆಕ್ಕ ಹಾಕಿ. ಅಪ್ಪ, ಅವ್ವ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅತ್ತೆ: ಮನೆಯ ಇಷ್ಟು ಜನರಲ್ಲಿ ಒಬ್ಬರನ್ನೂ ಒತ್ತಿಲ್ಲದೆ ಬರೆಯಲು ಬರುವುದಿಲ್ಲ. ರೊಟ್ಟಿ, ಬೆಲ್ಲ, ಎಣ್ಣೆ, ಅಕ್ಕಿ, ಉಳ್ಳಾಗಡ್ಡಿ, ಹತ್ತಿ, ದುಡ್ಡು: ಅಡುಗೆ ಮನೆಗೂ ಸಂತೆಗೂ ಅದೇ ಕಥೆ. ಕೊಪ್ಪಳ ಎಂದು ಬರೆಯಲು ಒತ್ತು ಬೇಕು, ಬಳ್ಳಾರಿಗೂ ಬೇಕು. ಯಲಬುರ್ಗಾಕ್ಕೆ ಅರ್ಕಾವೊತ್ತು ಬೇರೆ. ನಮ್ಮ ಭಾಗದ ಹೆಣ್ಣುಮಕ್ಕಳ ಹೆಸರುಗಳು ಬಹುಪಾಲು 'ವ್ವ' ಇಲ್ಲವೇ 'ಮ್ಮ' ಎಂದು ಮುಗಿಯುತ್ತವೆ. ಅಂದರೆ ನಾವು ಕಲಿಸುತ್ತಿದ್ದ ಕ್ರಮದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹೆಸರನ್ನೇ ಅರ್ಥ ಮಾಡಿಕೊಂಡು ಬರೆಯಬೇಕಾದರೆ ಪ್ರೈಮರಿನ ಕೊನೆಯವರೆಗೂ ಕಾಯಬೇಕಿತ್ತು. ಅಷ್ಟು ದಿನ ಯಾರು ಕಾಯುತ್ತಾರೆ? ಆದ್ದರಿಂದ ನಾವು ಮಾಡಿದ್ದೇನೆಂದರೆ, ಸಹಿಯನ್ನು ರಂಗೋಲಿಯಂತೆ ಕಲಿಸಿಬಿಟ್ಟೆವು. ಇಲ್ಲಿ ಸುತ್ತು, ಇಲ್ಲಿ ಎಳೆ, ಕೆಳಗೊಂದು ಕೊಂಡಿ. ಸಹಿ ಬಂತು. ಅದರಲ್ಲಿ 'ಮ' ಎಲ್ಲಿದೆ ತೋರಿಸಿ ಎಂದರೆ ತೋರಿಸಲು ಬರುತ್ತಿರಲಿಲ್ಲ. ಆದರೂ ಹದಿನೆಂಟು ಹೆಸರಿನ ಮುಂದೆ 'ಸಾಕ್ಷರ' ಎಂದು ಗುರುತು ಹಾಕಿ ಪಟ್ಟಿ ಕಳಿಸಿದವನು ನಾನೇ. ಈ ಲೆಕ್ಕದಲ್ಲಿ ಬೇರೆ ಯಾರನ್ನೂ ದೂರುವುದಿಲ್ಲ.

ಜನಗಣತಿಯ ವ್ಯಾಖ್ಯೆ ನಮಗಿಂತ ಕಟ್ಟುನಿಟ್ಟಾಗಿದೆ. ಏಳು ವರ್ಷ ಮೇಲ್ಪಟ್ಟವರು ಯಾವುದೇ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಬೇಕು, ಬರೆಯಲೂ ಬೇಕು. ಬರೀ ಓದಲು ಬಂದರೆ ಸಾಲದು. ಆ ಅಳತೆಯಲ್ಲಿ 2011ರಲ್ಲಿ ರಾಜ್ಯದ ಸಾಕ್ಷರತೆ ಶೇ 75.36, ರಾಯಚೂರು ಜಿಲ್ಲೆಯದು ಶೇ 59.56. ರಾಯಚೂರಿನ ಹೆಂಗಸರನ್ನಷ್ಟೇ ತೆಗೆದುಕೊಂಡರೆ ಶೇ 48.73, ಅರ್ಧಕ್ಕಿಂತ ಕಡಿಮೆ. ಕೊಪ್ಪಳ, ಬಳ್ಳಾರಿ ಸ್ವಲ್ಪ ಮೇಲಿವೆ, ಆದರೆ ರಾಜ್ಯದ ಸರಾಸರಿಗಿಂತ ಕೆಳಗೇ ಇವೆ. ಅಂಕಿ ಹಳೆಯದು, ಒಪ್ಪುತ್ತೇನೆ. ಅಂದು ನಿರಕ್ಷರರಾಗಿದ್ದ ಮೂವತ್ತು ವರ್ಷದವರು ಇಂದು ನಮ್ಮ ನಡುವೆಯೇ ನಲವತ್ತರ ಮಧ್ಯದಲ್ಲಿದ್ದಾರೆ. ಅವರು ಎಲ್ಲಿಗೂ ಹೋಗಿಲ್ಲ, ಗುಳೆ ಹೋಗಿ ಬರುವುದನ್ನು ಬಿಟ್ಟರೆ.

ಈಗ ಯೋಜನೆಗಳ ಸರಣಿಯನ್ನೊಮ್ಮೆ ನೋಡಿ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಕಲಿತವರು ಮರೆಯಬಾರದೆಂದು ನಾಲ್ಕೈದು ಹಳ್ಳಿಗೊಂದು ಜನಶಿಕ್ಷಣ ನಿಲಯ ಎಂದರು. ಆಮೇಲೆ ಮುಂದುವರಿಕೆ ಶಿಕ್ಷಣ ಕೇಂದ್ರ ಎಂದರು. 2009ರಲ್ಲಿ ಸಾಕ್ಷರ ಭಾರತ ಬಂತು. ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದನ್ನು ನಡೆಸಲು ಇಬ್ಬರು ಪ್ರೇರಕರು, ತಿಂಗಳಿಗೆ ತಲಾ ಎರಡು ಸಾವಿರ ರೂಪಾಯಿ ಗೌರವಧನ. 2018ರ ಮಾರ್ಚ್‌ಗೆ ಅದು ಮುಗಿಯಿತು. ನಡುವೆ ಪಢನಾ ಲಿಖನಾ ಅಭಿಯಾನ ಬಂದು ಹೋಯಿತು. ಈಗ 2022ರಿಂದ 27ರವರೆಗೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅದೇ ಉಲ್ಲಾಸ್. ಹದಿನೈದು ವರ್ಷ ಮೇಲ್ಪಟ್ಟವರಿಗೆ, ಸ್ವಯಂಸೇವಕರ ಮೂಲಕ. ಒಂದೊಂದರಲ್ಲೂ ಒಳ್ಳೆಯ ಅಂಶಗಳಿದ್ದವು, ಉಲ್ಲಾಸ್‌ನಲ್ಲೂ ಇವೆ. ಆದರೆ ಪ್ರತಿ ಸಲವೂ ಯೋಜನೆ ಮುಗಿದ ದಿನ ಪೆಟ್ಟಿಗೆಗೆ ಬೀಗ ಬಿತ್ತು. ಪುಸ್ತಕಗಳು ಯಾರದೋ ಅಟ್ಟ ಸೇರಿದವು. ಕಲಿತವರು ಮರೆತರು.

ಗ್ರಂಥಾಲಯದ ಮಾತು ಬೇರೆ. ಅದಕ್ಕೆ ಮುಗಿಯುವ ತಾರೀಕಿಲ್ಲ. 1965ರ ಕಾಯಿದೆ ಅದರ ಬೆನ್ನಿಗಿದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ, ತೆರಿಗೆಯ ಮೇಲೆ ಶೇ 6. ಅಕ್ಷರ ಬಾರದವರೂ ಅದನ್ನು ಕಟ್ಟುತ್ತಾರೆ. ಹೆಬ್ಬೆಟ್ಟು ಒತ್ತಿ ಕರ ಕಟ್ಟಿದ ಮನುಷ್ಯನಿಗೆ ಆ ಕಟ್ಟಡದೊಳಗೆ ನಾವು ಏನನ್ನು ಇಟ್ಟಿದ್ದೇವೆ? ನನ್ನ ಇಡೀ ಉಪನ್ಯಾಸ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಯುನೆಸ್ಕೋದ 1994ರ ಪ್ರಣಾಳಿಕೆಯಲ್ಲಿ ಇದಕ್ಕೆ ನೇರ ಉತ್ತರವಿದೆ. ಎಲ್ಲ ವಯಸ್ಸಿನವರ ಸಾಕ್ಷರತಾ ಕೆಲಸದಲ್ಲಿ ಗ್ರಂಥಾಲಯ ಕೈಜೋಡಿಸಬೇಕು, ಅಗತ್ಯ ಬಿದ್ದರೆ ತಾನೇ ಆರಂಭಿಸಬೇಕು ಎನ್ನುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರಿಂದ ಸಾರ್ವಜನಿಕ ಗ್ರಂಥಾಲಯಗಳೇ ವಯಸ್ಕರಿಗೆ ಓದು ಕಲಿಸುತ್ತಿವೆ. ಒಬ್ಬ ಕಲಿಯುವವರಿಗೆ ಒಬ್ಬ ಸ್ವಯಂಸೇವಕ. ಏನು ಕಲಿಯಬೇಕೆಂದು ಕಲಿಯುವವರೇ ಹೇಳುತ್ತಾರೆ. ಒಬ್ಬರಿಗೆ ಚಾಲನಾ ಪರವಾನಗಿ ಪರೀಕ್ಷೆಯ ಪುಸ್ತಕ ಓದಬೇಕು, ಇನ್ನೊಬ್ಬರಿಗೆ ಮಗುವಿಗೆ ಕಥೆ ಓದಿ ಹೇಳಬೇಕು. ಅಲ್ಲಿನಂತೆ ಇಲ್ಲಿ ಮಾಡಿ ಎನ್ನುವವನಲ್ಲ ನಾನು, ಅಲ್ಲಿನ ದುಡ್ಡೇ ಬೇರೆ. ಆದರೆ ಶಾಲೆಯನ್ನು ಬಿಟ್ಟು ಗ್ರಂಥಾಲಯದಲ್ಲಿ ಕಲಿಸುವುದರ ಹಿಂದಿನ ಕಾರಣ ನಮಗೂ ಒಪ್ಪುತ್ತದೆ. ಐವತ್ತು ವರ್ಷದ ಹೆಂಗಸು ಸ್ಲೇಟು ಹಿಡಿದು ಶಾಲೆಯ ಗೇಟಿನೊಳಗೆ ಹೋದರೆ ಓಣಿಗೆ ಓಣಿಯೇ ನೋಡುತ್ತದೆ. ಗ್ರಂಥಾಲಯಕ್ಕೆ ಹೋದರೆ ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಪೇಪರಿನ ಚಿತ್ರ ನೋಡಲು ಬಂದೆ ಎಂದರೂ ನಡೆಯುತ್ತದೆ. ಅಲ್ಲಿ ಪಾಸು ನಪಾಸು ಇಲ್ಲ.

ಅದಕ್ಕಿಂತಲೂ ಒಳ್ಳೆಯ ನೆಪ ಒಂದಿದೆ: ಮಗು. ತಪ್ಪು ಬಸ್ಸು ಹತ್ತಿದ ಆ ಹೆಣ್ಣುಮಗಳು ಪಂಚಾಯಿತಿ ಗ್ರಂಥಾಲಯಕ್ಕೆ ಬಂದದ್ದು ಕಲಿಯಲು ಅಲ್ಲ. ಮೂರನೇ ತರಗತಿಯ ಮೊಮ್ಮಗಳು ಅಲ್ಲಿನ ಸದಸ್ಯೆ. ಸಂಜೆ ಅವಳನ್ನು ಕರೆದುಕೊಂಡು ಹೋಗಲು ಬರುತ್ತಿದ್ದರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್ 14ರಂದು 'ಓದುವ ಬೆಳಕು' ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಮೇಲ್ವಿಚಾರಕರು ಇಲ್ಲಿ ಕುಳಿತಿದ್ದೀರಿ, ನಿಮ್ಮ ಕಷ್ಟ ಗೊತ್ತು. ಆದರೂ ಹೇಳುತ್ತೇನೆ, ಮಕ್ಕಳನ್ನು ಒಳಗೆ ತಂದದ್ದು ಈ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಾದ ದೊಡ್ಡ ಕೆಲಸಗಳಲ್ಲಿ ಒಂದು.

ಒಂದು ಸಂಜೆ ನಾನು ಅಲ್ಲಿದ್ದೆ. ಪುಟಕ್ಕೊಂದು ಸಾಲಿನ ದೊಡ್ಡ ಅಕ್ಷರದ ಚಿತ್ರಪುಸ್ತಕ. ಮೊಮ್ಮಗಳು ಓದುತ್ತಿದ್ದಳು, ಅಜ್ಜಿ ಪಕ್ಕದಲ್ಲಿ. ಹುಡುಗಿ ನೀರು ಕುಡಿಯಲು ಎದ್ದು ಹೋದಾಗ ಅಜ್ಜಿ ಪುಸ್ತಕ ಎಳೆದುಕೊಂಡು ಬೆರಳಿಟ್ಟರು. 'ಬೆ... ಕು.' ಮತ್ತೊಮ್ಮೆ, 'ಬೆಕು.' ಮೊಮ್ಮಗಳು ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತಾರಲ್ಲ, "ಅಮ್ಮಾ, ಕೆಳಗೆ ಜೋತುಬಿದ್ದಿರುವುದನ್ನೂ ಓದಬೇಕು" ಎಂದಳು. ಅಜ್ಜಿ ಚಿತ್ರ ನೋಡಿದರು, ಅಕ್ಷರ ನೋಡಿದರು. "ಓ, ಇದು ಬೆಕ್ಕಿನ ಬಾಲವೋ?" ಎಂದರು.

ಅಂದಿನಿಂದ ಆ ಮನೆಯಲ್ಲಿ ಒತ್ತಕ್ಷರಕ್ಕೆ ಬಾಲ ಎಂದೇ ಹೆಸರು. ಅಪ್ಪನಿಗೆ ಬಾಲವಿದೆ, ಅತ್ತೆಗೂ ಬಾಲವಿದೆ ಎಂದು ನಕ್ಕದ್ದೂ ನಕ್ಕದ್ದೇ. ಕೆಲವು ದಿನಗಳ ಮೇಲೆ ಅವರು ಹೇಳಿದರು: "ಈಗ ಗೊತ್ತಾಯಿತು ಮಾಸ್ತರರೇ, ಬಾಲ ಇರುವುದು ಕುಷ್ಟಗಿ ಬಸ್ಸು, ಬಾಲ ಇಲ್ಲದ್ದು ಕುಕನೂರು ಬಸ್ಸು." ಮೂವತ್ತು ವರ್ಷದ ಹಿಂದೆ ನಾನು ನಿಲ್ಲಿಸಿದ ಪಾಠವನ್ನು ಒಂಬತ್ತು ವರ್ಷದ ಹುಡುಗಿ ಎರಡು ನಿಮಿಷದಲ್ಲಿ ಮುಗಿಸಿದ್ದಳು.

ವಿದ್ವಾಂಸರು ಇದಕ್ಕೆ ಕುಟುಂಬ ಸಾಕ್ಷರತೆ ಎನ್ನುತ್ತಾರೆ. ಮಗು ಒಂದು ಕಡೆ, ತಾಯಿ ಇನ್ನೊಂದು ಕಡೆ ಕಲಿಯುವ ಬದಲು ಒಂದೇ ಪುಸ್ತಕದ ಮುಂದೆ ಇಬ್ಬರೂ ಕೂರುವುದು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ ಬುಕ್‌ಸ್ಟಾರ್ಟ್ ಎಂಬ ಕಾರ್ಯಕ್ರಮ ಶುರುವಾದಾಗ 300 ಹಸುಗೂಸುಗಳ ಮನೆಗೆ ಪುಸ್ತಕ ಕೊಟ್ಟರು. ಕೂಸು ಓದುತ್ತದೆಯೇ? ಓದಬೇಕಾದವರು ಅಪ್ಪ ಅಮ್ಮ. ನಮ್ಮಲ್ಲಿ ಪ್ರತಿ ಬಸುರಿಯ ಕೈಯಲ್ಲೂ ತಾಯಿ ಕಾರ್ಡ್ ಇದೆ, ಪ್ರತಿ ಊರಿನಲ್ಲೂ ಅಂಗನವಾಡಿ ಇದೆ. ಚುಚ್ಚುಮದ್ದಿನ ದಿನ ತಾಯಂದಿರು ಸಾಲಾಗಿ ಕುಳಿತು ಕಾಯುತ್ತಾರೆ. ಆ ದಿನ ಗ್ರಂಥಾಲಯದ ಇಪ್ಪತ್ತು ಚಿತ್ರಪುಸ್ತಕಗಳು ಅಲ್ಲಿಗೆ ಹೋಗಲು ಯಾರ ಆದೇಶವೂ ಬೇಡ, ಒಂದು ಚೀಲ ಸಾಕು.

ಒಂದು ತೊಡಕನ್ನು ಮಾತ್ರ ಗಮನದಲ್ಲಿಡಿ. ಶಾಲೆಯಲ್ಲಿ ಮಗುವಿಗೆ ರ, ಗ, ಸ, ದ, ಅ ಎಂದು ಕಲಿಸುತ್ತಾರೆ. ಅರೆಬರೆ ಕಲಿತ ತಾಯಿಗೆ ಗೊತ್ತಿರುವುದು ಅ, ಆ, ಇ, ಈ. ತಪ್ಪು ಕಲಿಸಿದ್ದಾರೆ ಎಂದು ತಾಯಿ, ನಿನಗೇನು ಗೊತ್ತು ಎಂದು ಮಗು. ಜಗಳವಾಗಿ ಪಾಟಿ ಮೂಲೆಗೆ ಹೋಗುತ್ತದೆ. ಎರಡೂ ಸರಿ, ದಾರಿ ಬೇರೆ ಎಂದು ತಾಯಿಗೆ ಐದು ನಿಮಿಷ ಕೂರಿಸಿ ಹೇಳುವವರು ಬೇಕು. ಇನ್ನು ಮನೆಯ ಮಾತು ಲಂಬಾಣಿಯೋ ತೆಲುಗೋ ಉರ್ದುವೋ ಆಗಿದ್ದರೆ, ರಾಯಚೂರು ಕಡೆ ಇದು ಸಾಮಾನ್ಯ, ಆ ತಾಯಿ ಲಿಪಿಯ ಜೊತೆಗೆ ಭಾಷೆಯನ್ನೂ ಕಲಿಯುತ್ತಿರುತ್ತಾಳೆ. ಅವಳಿಗೆ ಹೆಚ್ಚು ತಿಂಗಳು ಹಿಡಿದರೆ ದಡ್ಡಿ ಎನ್ನಬೇಡಿ.

ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳು ಎಲ್ಲ ಗ್ರಂಥಪಾಲಕರಿಗೂ ಬಾಯಿಪಾಠ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. 1931ರಲ್ಲಿ ಹೇಳಿದ್ದು. ಒತ್ತಕ್ಷರದ ಹೊಸ್ತಿಲಲ್ಲಿ ನಿಂತ ಹೆಂಗಸಿಗೆ ನಮ್ಮ ಕಪಾಟಿನಲ್ಲಿ ಪುಸ್ತಕವಿದೆಯೇ? ಕಾದಂಬರಿಗಳಿವೆ, ಸಾಮಾನ್ಯ ಜ್ಞಾನದ ಗೈಡ್‌ಗಳಿವೆ. ಆಕೆ ನಿಜವಾಗಿ ಓದಬೇಕೆಂದಿರುವುದು ಪಾಸ್ ಬುಕ್, ಜಾಬ್ ಕಾರ್ಡ್, ಔಷಧದ ಚೀಟಿ, ಸಂಘದ ಸಾಲದ ಪುಸ್ತಕ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿತ್ತೇ ಇಲ್ಲವೇ ಎಂದು ಮೊಬೈಲ್‌ನಲ್ಲಿ ನೋಡಬೇಕು. ಬ್ಯಾಂಕಿನ ಆ ಸಂದೇಶ ಬಹಳ ಸಲ ಇಂಗ್ಲಿಷಿನಲ್ಲಿರುತ್ತದೆ, ಅದು ಬೇರೆ ಹಾಡು. ಆದರೂ ಅಂಕಿಯನ್ನಾದರೂ ಓದಬಹುದಲ್ಲ. ಕಪಾಟಿನ ಪಕ್ಕದ ಗೋಡೆಗೆ ತಾಲ್ಲೂಕಿನ ಬಸ್ಸುಗಳ ಬೋರ್ಡುಗಳನ್ನು ಅದೇ ಅಳತೆಯಲ್ಲಿ ಬರೆಸಿ ಹಾಕಿ. ಕುಷ್ಟಗಿ, ಕುಕನೂರು, ಕಾರಟಗಿ, ಕನಕಗಿರಿ, ಗಂಗಾವತಿ. ಅದಕ್ಕಿಂತ ಒಳ್ಳೆಯ ಪ್ರೈಮರ್ ನನಗೆ ಗೊತ್ತಿಲ್ಲ. ಚಿತ್ರಕಥೆಗಳಿಗೆ ದುಡ್ಡಿಲ್ಲ ಎನ್ನುವವರು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ನೋಡಿ. ಹಂತ ಹಂತದ ಕನ್ನಡ ಕಥೆಗಳಿವೆ, ಉಚಿತವಾಗಿ ಮುದ್ರಿಸಿಕೊಳ್ಳಬಹುದು.

ಓದಿ ಹೇಳುವುದೂ ಗ್ರಂಥಾಲಯದ ಕೆಲಸವೇ. ನಮ್ಮ ಊರಿಗೆ ಇದು ಹೊಸದಲ್ಲ. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಈ ನೆಲದ ಒಕ್ಕಲಿಗರು ಅದನ್ನು ನಿಂತು ಓದಿಕೊಂಡರೆಂದು ನನಗೆ ನಂಬಿಕೆ ಇಲ್ಲ, ಓದಿ ಹೇಳುವವನೊಬ್ಬ ಇದ್ದಿರಲೇಬೇಕು. ಕಳಿಂಗದ ಶಾಸನದಲ್ಲಂತೂ ಇದನ್ನು ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು ಎಂದೇ ಕೆತ್ತಲಾಗಿದೆ. ಅಷ್ಟು ಹಿಂದೆ ಹೋಗುವುದೂ ಬೇಡ. ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ನಡೆಯುತ್ತದೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ರೊಟ್ಟಿ ತಟ್ಟಿ, ಊಟ ಮುಗಿಸಿ, ರಾತ್ರಿ ಎಂಟರ ಮೇಲೆ ಹೆಂಗಸರು ಬಂದು ಕೂರುತ್ತಾರೆ. ತಿಂಗಳಿಡೀ ತಪ್ಪಿಸುವುದಿಲ್ಲ. ಅವರಿಗೆ ಬಿಡುವಿಲ್ಲ, ಆಸಕ್ತಿಯಿಲ್ಲ ಎಂದು ವರದಿ ಬರೆಯುವವರು ಒಮ್ಮೆ ಆ ಕಟ್ಟೆಗೆ ಬಂದು ನೋಡಬೇಕು. ಬಿಡುವಿದೆ, ನಮ್ಮ ಬಾಗಿಲು ತೆರೆದಿರುವ ಹೊತ್ತಿಗೆ ಇಲ್ಲ, ಅಷ್ಟೆ. ಕೂಲಿಯಿಂದ ಮರಳುವ ಮುನ್ನವೇ ಮುಚ್ಚುವ ಗ್ರಂಥಾಲಯ ಕೂಲಿಕಾರರದಲ್ಲ. ವಾರಕ್ಕೆ ಎರಡು ರಾತ್ರಿ, ಒಂದೊಂದು ತಾಸು ತೆರೆಯಿರಿ ಎಂದಷ್ಟೇ ಕೇಳುತ್ತೇನೆ. ನಾಟಿಯ ವಾರಗಳಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಯಾರೂ ಬರುವುದಿಲ್ಲ. ಆಗ ಹಾಜರಾತಿ ಬಿತ್ತೆಂದು ಕಾರ್ಯಕ್ರಮ ನಿಲ್ಲಿಸಬೇಡಿ. ಗುಳೆ ಹೋಗುವವರ ಗಂಟಿನಲ್ಲಿ ಎರಡು ತೆಳು ಪುಸ್ತಕ ಇಟ್ಟು ಕಳಿಸಿ. ಮರಳಿ ಬಾರದಿದ್ದರೆ ದಂಡ ಬರೆಯಬೇಡಿ. ನಾನು ಅಂದು ಮಾಡದೇ ಹೋದ ಕೆಲಸ ಅದು.

ಹಿಂದಿನ ಸಾಲಿನವರೇ, ಈಗ ನಿಮ್ಮ ಕೆಲಸ. ದಿನಕ್ಕೆ ಹತ್ತು ತಾಸು ಇಲ್ಲೇ ಕುಳಿತು ಓದುತ್ತೀರಿ. ಓದಿ, ನೌಕರಿ ಹಿಡಿಯಿರಿ. ಆ ಹತ್ತು ತಾಸಿನಲ್ಲಿ ಅರ್ಧ ತಾಸು ಒಬ್ಬ ಅಕ್ಕನಿಗೋ ಅಜ್ಜಿಗೋ ಕೊಡಿ. ಉಲ್ಲಾಸ್ ನಡೆಯುವುದೇ ಸ್ವಯಂಸೇವಕರಿಂದ, ಅವರನ್ನು ಎಲ್ಲಿ ಹುಡುಕುವುದು ಎಂದು ಅಧಿಕಾರಿಗಳು ಊರೂರು ಅಲೆಯುತ್ತಾರೆ. ನೀವು ಇದೇ ಕಟ್ಟಡದಲ್ಲಿ ಕುಳಿತಿದ್ದೀರಿ.

ಉಪನ್ಯಾಸದ ಬಳಿಕ ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಬರೆಯುತ್ತೇನೆ. ಒಂದು ಪಂಚಾಯಿತಿಯ ಮೇಲ್ವಿಚಾರಕಿ ಎದ್ದು ಕೇಳಿದರು: "ಸರ್, ಎಲ್ಲ ಸರಿ. ನಮಗೆ ಬರುವ ಅನುದಾನದಲ್ಲಿ ಮೊದಲು ಯಾವ ಪುಸ್ತಕ ಕೊಳ್ಳಲಿ?"

ಮೊದಲು ಪುಸ್ತಕ ಕೊಳ್ಳಬೇಡಿ ಎಂದೆ. ಒಂದು ಜಮಖಾನೆ ಕೊಳ್ಳಿ. ಊರ ಹಿರಿಯರ ಮುಂದೆ ಕುರ್ಚಿಯಲ್ಲಿ ಕೂರಲು ನಮ್ಮ ಹೆಂಗಸರು ಇಂದಿಗೂ ಹಿಂಜರಿಯುತ್ತಾರೆ. ಆಮೇಲೆ ನಾಲ್ಕು ಚಾಳೀಸು ಕನ್ನಡಕ ಕೊಳ್ಳಿ, ಬೇರೆ ಬೇರೆ ನಂಬರಿನವು. ಅಕ್ಷರ ಇರುವೆಯಂತೆ ಹರಿದಾಡುತ್ತದೆ, ನನ್ನ ತಲೆಗೆ ಹತ್ತುವುದಿಲ್ಲ ಎಂದು ಬಿಟ್ಟುಹೋದ ಎಷ್ಟು ಮಂದಿಯನ್ನು ನಾನು ನೋಡಿದ್ದೇನೆ! ನಲವತ್ತು ದಾಟಿದ ಕಣ್ಣಿಗೆ ಸಣ್ಣ ಅಕ್ಷರ ಕಾಣದಿದ್ದರೆ ಅದು ತಲೆಯ ತಪ್ಪಲ್ಲ. ಬಾಲವನ್ನು ಕಂಡುಹಿಡಿದ ಆ ಅಜ್ಜಿಗೂ ಮೊದಲ ದಿನಗಳಲ್ಲಿ ಒತ್ತು ಕಾಣಿಸುತ್ತಲೇ ಇರಲಿಲ್ಲ. ನನ್ನ ಕನ್ನಡಕ ಹಾಕಿಕೊಂಡ ಮೇಲೆ "ಇಷ್ಟು ದಿನ ಇದು ಇಲ್ಲೇ ಇತ್ತೇ?" ಎಂದಿದ್ದರು.

ಮೇಲ್ವಿಚಾರಕಿ ಬರೆದುಕೊಂಡರು. ಕುಳಿತುಕೊಳ್ಳಲಿಲ್ಲ. "ಕನ್ನಡಕವನ್ನು ಯಾವ ಲೆಕ್ಕದಲ್ಲಿ ತೋರಿಸಲಿ ಸರ್?" ಎಂದರು. ನನಗೆ ಹೊಳೆಯಲಿಲ್ಲ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಲೆಕ್ಕಿಗರೊಬ್ಬರು ಹಿಂತಿರುಗಿ, ತಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಳ್ಳುತ್ತಾ ಹೇಳಿದರು: "ಓದುವ ಸಾಮಗ್ರಿ ಎಂದು ಬರೆಯಮ್ಮ. ಯಾರೂ ಆಕ್ಷೇಪಣೆ ಹಾಕಲಾರರು."